ವಿಂಡೋಸ್ ಅಪ್‌ಡೇಟ್ ಆದ ಮೇಲೆ ಡ್ರೈವರ್ ಕೈಕೊಟ್ಟರೆ: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದ ಗಾಂಧಿ ಚೌಕದ ಹತ್ತಿರ ನನ್ನದೊಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಮೈಕ್ರೋಸಾಫ್ಟ್‌ನವರು ತಿಂಗಳ ಅಪ್‌ಡೇಟ್ ಬಿಡುವುದು ಎರಡನೇ ಮಂಗಳವಾರ. ಅವರ ಬೆಳಗು ಅಂದ್ರೆ ನಮ್ಮ ರಾತ್ರಿ ಹತ್ತೂವರೆ, ಹನ್ನೊಂದೂವರೆ. ಹಾಗಾಗಿ ಬುಧವಾರ ಅಂಗಡಿ ಬಾಗಿಲು ತೆಗೆಯುವ ಮೊದಲೇ ಫೋನ್ ಶುರು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಸಪೋರ್ಟ್ ಮುಗಿದು, ಹಳೇ ಮಷಿನ್‌ಗಳೆಲ್ಲ 11ಕ್ಕೆ ಹೊರಟ ಮೇಲಂತೂ ಕೇಳುವುದೇ ಬೇಡ. ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಚಹಾದಂಗಡಿಯಲ್ಲಿ ಜನ ಕೇಳಿದ ಪ್ರಶ್ನೆಗಳನ್ನು ಅವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲ ಮಾತು

"ಡ್ರೈವರ್ ಡ್ರೈವರ್ ಅಂತೀರಲ್ಲ, ಏನ್ರಿ ಅದು?"

ಎಪಿಎಂಸಿಯಲ್ಲಿ ಸೊಲ್ಲಾಪುರದ ವ್ಯಾಪಾರಿ ಮರಾಠಿ ಬಿಟ್ಟರೆ ಬೇರೆ ಮಾತಾಡಲ್ಲ, ನಮ್ಮ ರೈತನಿಗೆ ಕನ್ನಡವೇ ಬೇಕು ಅಂತಿಟ್ಟುಕೊಳ್ಳಿ. ನಡುವೆ ಎರಡೂ ಬಲ್ಲ ದಲಾಲಿ ನಿಂತಿರುತ್ತಾನೆ. ಡ್ರೈವರ್ ಅಂದ್ರೆ ಆ ದಲಾಲಿ. ವಿಂಡೋಸ್ ಹೇಳಿದ್ದನ್ನು ಪ್ರಿಂಟರ್‌ಗೋ ವೈಫೈ ಕಾರ್ಡಿಗೋ ತಿಳಿಯುವ ಹಾಗೆ ಮುಟ್ಟಿಸುವ ಸಣ್ಣ ಸಾಫ್ಟ್‌ವೇರ್ ಅದು. ದಲಾಲಿ ಬರದ ದಿನ ಮಾಲು ಚೆನ್ನಾಗಿದ್ದರೂ ವ್ಯಾಪಾರ ಆಗಲ್ಲ. ಪ್ರಿಂಟರ್ ಕೆಟ್ಟಿಲ್ಲ, ಆದರೂ ಪುಟ ಬರ್ತಿಲ್ಲ ಅನ್ನುವುದು ಇದೇ ಕಥೆ.

"ನಿನ್ನೆ ತನಕ ಚಲೋ ಇತ್ರಿ. ಅಪ್‌ಡೇಟ್ ಆದ ಕೂಡ್ಲೆ ಯಾಕ ಕೆಟ್ಟಿತು?"

ಕಾರಣ ಒಂದೇ ಅಲ್ಲ. ಕಂಪನಿ ಕೊಟ್ಟ ಡ್ರೈವರ್ ತೆಗೆದು ವಿಂಡೋಸ್ ತನ್ನ ಸಾದಾ ಡ್ರೈವರ್ ಕೂರಿಸಿರಬಹುದು. ಅಪ್‌ಡೇಟ್ ಜೊತೆಗೇ ಹೊಸ ಡ್ರೈವರ್ ಬಂದು, ಅದರಲ್ಲೇ ದೋಷ ಇರಬಹುದು. ಹಳೇ ಡ್ರೈವರ್ ಸುರಕ್ಷಿತ ಅಲ್ಲ ಅಂತ ವಿಂಡೋಸ್ ಅದನ್ನು ಬಾಗಿಲಲ್ಲೇ ತಡೆದಿರಬಹುದು. ಕೆಲವೊಮ್ಮೆ ಡ್ರೈವರನ್ನೇ ಕಿತ್ತು ಹಾಕುತ್ತಾರೆ. 2025ರ ಅಕ್ಟೋಬರ್ ಅಪ್‌ಡೇಟ್‌ನಲ್ಲಿ ಅಗೆರೆ ಮೋಡೆಮ್‌ನ ಹಳೇ ಡ್ರೈವರನ್ನು ಭದ್ರತೆಯ ಕಾರಣಕ್ಕೆ ಪೂರ್ತಿ ತೆಗೆದರು. ಅದನ್ನು ನಂಬಿದ್ದ ಫ್ಯಾಕ್ಸ್ ಮೋಡೆಮ್‌ಗಳು ಅಂದಿಗೆ ನಿಂತವು.

ಇನ್ನೊಂದು ಮಾತು. ಕೆಲವರ ಮಷಿನ್ ತಿಂಗಳುಗಟ್ಟಲೆ ರೀಸ್ಟಾರ್ಟ್ ಆಗಿರಲ್ಲ. ಒಳಗೆ ಯಾವುದೋ ಫೈಲ್ ಮೊದಲೇ ಹಾಳಾಗಿರುತ್ತದೆ, ಅಪ್‌ಡೇಟ್ ರೀಸ್ಟಾರ್ಟ್ ಮಾಡಿಸಿದಾಗ ಬಯಲಾಗುತ್ತದೆ. ಬೈಗುಳ ಮಾತ್ರ ಅಪ್‌ಡೇಟ್‌ಗೆ.

"ಫಾರ್ಮ್ಯಾಟ್ ಹೊಡೆದ್ರೆ ಎಲ್ಲಾ ಸರಿ ಹೋಗುತ್ತಲ್ವಾ?"

ಇಲ್ಲ. ನಮ್ಮೂರಲ್ಲಿ ಮೂಗು ಸೋರಿದರೂ ಸಲೈನ್ ಹಚ್ಚಿಸಿಕೊಳ್ಳುವವರಿದ್ದಾರೆ, ಇದೂ ಹಾಗೇ. ಫಾರ್ಮ್ಯಾಟ್ ಮಾಡಿದರೆ ಕೆಟ್ಟ ಡ್ರೈವರ್ ಜೊತೆ ಚೆನ್ನಾಗಿದ್ದ ಹತ್ತು ಡ್ರೈವರ್‌ಗಳೂ ಹೋಗುತ್ತವೆ. ಮೇಲೆ ಹೊಸ ವಿಂಡೋಸ್ ಮತ್ತೆ ಅದೇ ಅಪ್‌ಡೇಟ್ ಎಳೆದುಕೊಂಡು ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಮದುವೆ ಫೋಟೋ, ಟ್ಯಾಲಿ ಲೆಕ್ಕ, ಟೈಪಿಂಗ್ ಮಾಡಿದ ಫೈಲ್ ಕಳೆದುಕೊಂಡು ಅತ್ತವರನ್ನು ಕಂಡಿದ್ದೇನೆ. ನನ್ನ ಹತ್ತಿರ ಬರುವ ಡ್ರೈವರ್ ಕೇಸುಗಳಲ್ಲಿ ಫಾರ್ಮ್ಯಾಟ್ ತನಕ ಹೋಗುವುದು ತೀರಾ ಅಪರೂಪ.

"ಹಂಗಾರ ಮೊದ್ಲು ಏನ್ ಮಾಡ್ಬೇಕ್ರಿ?"

ರೀಸ್ಟಾರ್ಟ್. ಶಟ್‌ಡೌನ್ ಮಾಡಿ ಆನ್ ಮಾಡುವುದಲ್ಲ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದಿದೆ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗಲೂ ಕರ್ನಲ್ (ವಿಂಡೋಸ್‌ನ ತಿರುಳು) ಮತ್ತು ಡ್ರೈವರ್‌ಗಳ ಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟು, ಬೆಳಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ಅಂದ್ರೆ ಕೆಟ್ಟ ಸ್ಥಿತಿಯೂ ಹಾಗೇ ಎದ್ದು ಬರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲವೂ ಹೊಸದಾಗಿ ಲೋಡ್ ಆಗುತ್ತದೆ. ಶಿಫ್ಟ್ ಕೀ ಹಿಡಿದು ಶಟ್‌ಡೌನ್ ಒತ್ತಿದರೂ ನಡೆಯುತ್ತದೆ. ಆಮೇಲೆ ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ಅರ್ಧಕ್ಕೆ ನಿಂತ ಅಪ್‌ಡೇಟ್ ಇದೆಯಾ ನೋಡಿ. ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಆಪ್ಷನಲ್ ಅಪ್‌ಡೇಟ್ಸ್ ಅಂತ ಇರುತ್ತದೆ, ಬೇಕಾದ ಡ್ರೈವರ್ ಎಷ್ಟೋ ಸಲ ಅಲ್ಲೇ ಸುಮ್ನೆ ಕೂತಿರುತ್ತದೆ.

"ಹಳದಿ ತ್ರಿಕೋನ ಕಾಣಿಸ್ತಿದೆ, ಅದರಲ್ಲಿ ಕೋಡ್ 10, ಕೋಡ್ 28 ಅಂತೆಲ್ಲ ಇದೆ. ಏನು ಅರ್ಥ?"

ಚೀಟಿ ಓದದೆ ಔಷಧಿ ಕೊಡಬಾರದು ಅಂತಾರಲ್ಲ, ಆ ಚೀಟಿ ಇದೇ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ, ಪಟ್ಟಿಯಲ್ಲಿ ಡಿವೈಸ್ ಮ್ಯಾನೇಜರ್ ತೆಗೆಯಿರಿ. ಹಳದಿ ತ್ರಿಕೋನ ಇರುವುದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಜನರಲ್ ಪುಟದ ಡಿವೈಸ್ ಸ್ಟೇಟಸ್ ಚೌಕದಲ್ಲಿ ಕೋಡ್ ಇರುತ್ತದೆ.

28 ಅಂದ್ರೆ ಡ್ರೈವರೇ ಇಲ್ಲ, ಹಾಕಿದರೆ ಮುಗಿಯಿತು. 10 ಅಂದ್ರೆ ಡ್ರೈವರ್ ಇದೆ, ಆದರೆ ಡಿವೈಸ್ ಶುರು ಆಗ್ತಿಲ್ಲ. ಸಾಮಾನ್ಯವಾಗಿ ತಪ್ಪು ಆವೃತ್ತಿಯ ಕೆಲಸ ಇದು. 39 ಬಂದರೆ ಡ್ರೈವರ್ ಫೈಲ್ ಹಾಳಾಗಿದೆ, ಇಲ್ಲವೇ ಲೋಡ್ ಆಗಲು ವಿಂಡೋಸ್ ಬಿಡ್ತಿಲ್ಲ. 52 ಅಂದ್ರೆ ಡಿಜಿಟಲ್ ಸಹಿಯ ತಕರಾರು. 43ರಲ್ಲಿ ಡಿವೈಸೇ "ನನಗೆ ತೊಂದರೆ ಇದೆ" ಅಂತ ಹೇಳಿರುತ್ತದೆ, ಆಗ ಕೇಬಲ್ಲು, ಪೋರ್ಟು ಬದಲಿಸಿ ನೋಡುವುದು ಮೊದಲ ಕೆಲಸ. 22 ಬಂದರೆ ಯಾರೋ ಡಿಸೇಬಲ್ ಮಾಡಿದ್ದಾರೆ. ಮನೆಯಲ್ಲಿ ಹುಡುಗರಿದ್ದರೆ ಅವರನ್ನು ಕೇಳಿ.

ನನಗೆ ಫೋನ್ ಮಾಡುವಾಗ ಈ ನಂಬರ್ ಹೇಳಿದರೆ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

## ಮನೆ, ಅಂಗಡಿ, ನೆಟ್ ಸೆಂಟರ್

"ವೈಫೈ ಗುರುತೇ ಮಾಯವಾಗಿದೆ. ನೆಟ್ ಇಲ್ಲದೆ ಡ್ರೈವರ್ ಡೌನ್‌ಲೋಡ್ ಮಾಡೋದು ಹೇಗೆ?"

ಮೊದಲು ಒಂದು ಹಳೇ ಉಪಾಯ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಪೂರ್ತಿ ಇಳಿದು ವೈಫೈ ಕಾರ್ಡ್ ಹೊಸದಾಗಿ ಏಳುತ್ತದೆ. ಕೋಡ್ 10, 43 ಇದ್ದಾಗ ಇದು ಎಷ್ಟೋ ಸಲ ಕೆಲಸ ಮಾಡಿದೆ.

ಆಗದಿದ್ದರೆ ಆಂಡ್ರಾಯ್ಡ್ ಫೋನನ್ನು ಚಾರ್ಜಿಂಗ್ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದಕ್ಕೆ ಬೇಕಾದ ಡ್ರೈವರ್ ವಿಂಡೋಸ್ ಒಳಗೇ ಇದೆ. ಫೋನ್ ಮನೆಯ ವೈಫೈನಲ್ಲಿದ್ದರೆ ಡೇಟಾ ಕೂಡ ಖರ್ಚಾಗಲ್ಲ. ಐಫೋನ್ ಆದರೆ ಆಪಲ್‌ನ ಡ್ರೈವರ್ ಮೊದಲೇ ಇರಬೇಕು.

ಯಾವ ಡ್ರೈವರ್ ಬೇಕು ಅಂತ ತಿಳಿಯದಿದ್ದರೆ ಡಿವೈಸ್‌ನ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಪುಟ, ಅಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ಪಿಸಿಐ ಕಾರ್ಡುಗಳಲ್ಲಿ 'ವೆನ್' ಅಂತ ಇದ್ದು ಅದರ ಮುಂದಿನ ನಾಲ್ಕು ಅಕ್ಷರ ತಯಾರಕರ ಗುರುತು. 8086 ಇದ್ದರೆ ಇಂಟೆಲ್, 10ಇಸಿ ಇದ್ದರೆ ರಿಯಲ್‌ಟೆಕ್, 14ಸಿ3 ಇದ್ದರೆ ಮೀಡಿಯಾಟೆಕ್. ಡೌನ್‌ಲೋಡ್ ಮಾತ್ರ ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ, ಅಡಿಯಲ್ಲಿರುವ ಸೀರಿಯಲ್ ನಂಬರ್ ಹಾಕಿ.

ನನ್ನ ತಪ್ಪೂ ಹೇಳಿಬಿಡುತ್ತೇನೆ. ಶುರುವಿನ ದಿನಗಳಲ್ಲಿ ತಿಕೋಟಾದ ಒಣದ್ರಾಕ್ಷಿ ವ್ಯಾಪಾರಿಯೊಬ್ಬರ ಆಫೀಸಿಗೆ ಹೋಗಿದ್ದೆ. ವೈಫೈ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡುವಾಗ, ಡ್ರೈವರ್ ಫೈಲನ್ನೂ ತೆಗೆದುಹಾಕು ಅನ್ನುವ ಚೌಕಕ್ಕೆ ಯೋಚಿಸದೆ ಟಿಕ್ ಹಾಕಿದೆ. ಹೊಸದು ಜೇಬಿನಲ್ಲಿ ಇರಲಿಲ್ಲ. ಟೆದರಿಂಗ್ ಉಪಾಯ ಅಂದು ಗೊತ್ತಿರಲಿಲ್ಲ. ಪೆನ್‌ಡ್ರೈವ್‌ಗಾಗಿ ಬಿಸಿಲಲ್ಲಿ ವಿಜಯಪುರಕ್ಕೆ ಬಂದು ಮತ್ತೆ ಹೋದೆ. ಸಾಹುಕಾರರು ಏನೂ ಅನ್ನಲಿಲ್ಲ, ಚಹಾ ಕೊಟ್ಟರು. ಅದೇ ಜಾಸ್ತಿ ನಾಚಿಕೆ ಆಯಿತು.

"ಪರದೆ ಮೇಲೆ ಅಕ್ಷರ ಎಲ್ಲಾ ದಪ್ಪ ದಪ್ಪ ಆಗಿವೆ, ಬ್ರೈಟ್‌ನೆಸ್ ಕಡಿಮೆ ಆಗ್ತಿಲ್ಲ."

ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಅಂತ ಇದೆಯಾ ನೋಡಿ. ಇದ್ದರೆ ಗ್ರಾಫಿಕ್ಸ್ ಡ್ರೈವರ್ ಹೋಗಿದೆ, ವಿಂಡೋಸ್ ತಾತ್ಕಾಲಿಕ ಡ್ರೈವರ್‌ನಲ್ಲಿ ಕಾಲ ತಳ್ಳುತ್ತಿದೆ. ಮೊದಲು ಲ್ಯಾಪ್‌ಟಾಪ್ ಕಂಪನಿಯ ಡ್ರೈವರ್, ಅದು ಸಿಗದಿದ್ದರೆ ಇಂಟೆಲ್, ಎನ್ವಿಡಿಯಾ ಅಥವಾ ಎಎಂಡಿ ಸೈಟಿನದು. ಹೊಸದು ಹಾಕಿದರೂ ಪರದೆ ಮಿನುಗಿದರೆ ಸೇಫ್ ಮೋಡ್‌ಗೆ (ಅದರ ದಾರಿ ಕೊನೆಯ ಭಾಗದಲ್ಲಿ ಹೇಳಿದ್ದೇನೆ) ಹೋಗಿ ಹಳೇದನ್ನು ಬುಡಸಮೇತ ತೆಗೆದು ಹಾಕಬೇಕು.

"ಸೌಂಡ್ ಹೋಗಿದೆ. ಮಗಳ ಆನ್‌ಲೈನ್ ಕ್ಲಾಸ್ ಇದೆ, ಈಗಿಂದೀಗ್ಲೇ ಆಗಬೇಕು."

ಅವಸರಕ್ಕೆ ಒಂದು ದಾರಿ. ಡಿವೈಸ್ ಮ್ಯಾನೇಜರ್‌ನಲ್ಲಿ ಸೌಂಡ್ ಡಿವೈಸ್ ಮೇಲೆ ಬಲ ಕ್ಲಿಕ್, ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಲೆಟ್ ಮಿ ಪಿಕ್. ಪಟ್ಟಿಯಲ್ಲಿ ಹೈ ಡೆಫಿನಿಷನ್ ಆಡಿಯೋ ಡಿವೈಸ್ ಇದ್ದರೆ ಆರಿಸಿ. ವಿಂಡೋಸ್‌ನದೇ ಸಾದಾ ಡ್ರೈವರ್ ಅದು, ಕ್ಲಾಸ್ ಕೇಳಲು ಸಾಕು. ಕಂಪನಿ ಡ್ರೈವರ್ ಸಂಜೆ ಹಾಕಿಕೊಳ್ಳಿ.

"ಹಳೇ ಲೇಸರ್ ಪ್ರಿಂಟರ್ ವಿಂಡೋಸ್ 11ರಲ್ಲಿ ಪ್ರಿಂಟೇ ಕೊಡ್ತಿಲ್ರಿ. ಪಹಣಿ ತೆಗೆಯೋ ಮಂದಿ ಹೊರಗ ನಿಂತಾರ."

ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ನೆಟ್ ಸೆಂಟರ್‌ಗಳಲ್ಲಿ ಇನ್ನೂ ಕ್ಯಾನನ್ 2900, ಎಚ್‌ಪಿ 1020 ಓಡುತ್ತಿವೆ. ಗಟ್ಟಿ ಯಂತ್ರಗಳು. ಆದರೆ ಇವು ಬುದ್ಧಿಯನ್ನು ಕಂಪ್ಯೂಟರ್‌ನಿಂದ ಸಾಲ ತರುವ ಜಾತಿ. ಪುಟದ ಚಿತ್ರ ತಯಾರಿಸುವ ಕೆಲಸ ಡ್ರೈವರ್‌ನದು. ಎಚ್‌ಪಿ 1020ರ ವಿಷಯದಲ್ಲಂತೂ ಪ್ರತಿ ಸಲ ಆನ್ ಮಾಡಿದಾಗ ಅದರ ಫರ್ಮ್‌ವೇರನ್ನೂ (ಪ್ರಿಂಟರ್ ಒಳಗೆ ಓಡುವ ಸಾಫ್ಟ್‌ವೇರ್) ಡ್ರೈವರೇ ಕಳಿಸಬೇಕು. ಹಾಗಾಗಿ ಸಾದಾ ಡ್ರೈವರ್ ಕೂತರೆ ದೀಪ ಹತ್ತುತ್ತದೆ, ಪುಟ ಬರಲ್ಲ.

ಮೊದಲು ಪೋರ್ಟ್ ನೋಡಿ. ಅಪ್‌ಡೇಟ್ ಆದ ಮೇಲೆ ಅದೇ ಪ್ರಿಂಟರ್ "ಕಾಪಿ 1" ಅಂತ ಎರಡನೇ ಹೆಸರಲ್ಲಿ ಕೂತಿರುತ್ತದೆ. ಹಳೇ ಹೆಸರು ಯುಎಸ್‌ಬಿ001ಗೆ ಕಟ್ಟಿಕೊಂಡಿದ್ದರೆ, ಪ್ರಿಂಟರ್ ನಿಜವಾಗಿ ಯುಎಸ್‌ಬಿ003ರಲ್ಲಿ ಇರುತ್ತದೆ. ಕೆಲಸ ಖಾಲಿ ಪೋರ್ಟಿಗೆ ಹೋಗಿ ಸಾಲು ಬೆಳೆಯುತ್ತದೆ. ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಪುಟದಲ್ಲಿ ಸರಿಯಾದುದಕ್ಕೆ ಟಿಕ್ ಹಾಕಿದರೆ ಎರಡು ನಿಮಿಷದ ಕೆಲಸ. ಇದನ್ನು ನೋಡದೆ ಟೋನರ್ ಬದಲಿಸಿ, ಕೇಬಲ್ ಬದಲಿಸಿ ದುಡ್ಡು ಕಳೆದವರಿದ್ದಾರೆ.

ಅದಲ್ಲದಿದ್ದರೆ ಪೂರ್ತಿ ತೆಗೆದು ಹಾಕಿ. ಕೇಬಲ್ ಕಿತ್ತಿಡಿ. ಪ್ರಿಂಟರ್ ರಿಮೂವ್ ಮಾಡಿ. ಪ್ರಿಂಟ್ ಸರ್ವರ್ ಪ್ರಾಪರ್ಟೀಸ್‌ನ ಡ್ರೈವರ್ಸ್ ಪುಟದಲ್ಲಿ ಆ ಹೆಸರಿನ ಪ್ಯಾಕೇಜ್ ಕೂಡ ತೆಗೆಯಿರಿ, ಜನ ಮರೆಯುವುದು ಇದನ್ನೇ. ರೀಸ್ಟಾರ್ಟ್. ಆಮೇಲೆ 64 ಬಿಟ್ ಡ್ರೈವರ್ ಓಡಿಸಿ, ಅದು ಕೇಳಿದಾಗ ಮಾತ್ರ ಕೇಬಲ್ ಸಿಕ್ಕಿಸಿ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಪ್ರಿಂಟರ್ ಜೊತೆ ಬಂದಿದ್ದ ಹಳೇ ಸಿಡಿಯಲ್ಲಿ 32 ಬಿಟ್ ಡ್ರೈವರ್ ಮಾತ್ರ ಇದ್ದರೆ ಅದರ ಆಸೆ ಬಿಡಿ.

ವಿಂಡೋಸ್ 11ರ 24ಎಚ್2ನಿಂದ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್ ಅಂತ ಒಂದು ಸ್ವಿಚ್ ಬಂದಿದೆ. ಆನ್ ಮಾಡಿದರೆ ಕಂಪನಿ ಡ್ರೈವರ್‌ಗಳೆಲ್ಲ ಹೊರಗೆ. ಹಳೇ ಪ್ರಿಂಟರ್ ಇರುವವರು ಅದನ್ನು ಮುಟ್ಟಬೇಡಿ. ಪ್ರಿಂಟರ್ ಕಂಪನಿಗಳ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಕೊಡುವುದನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ ಅಂತ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲೇ ಹೇಳಿದೆ. ನಿಮ್ಮ ಪ್ರಿಂಟರಿನ ಡ್ರೈವರ್ ಫೈಲ್ ಇವತ್ತೇ ಒಂದು ಪೆನ್‌ಡ್ರೈವ್‌ಗೆ ಹಾಕಿಡಿ.

"ಒಂದೇ ಪ್ರಿಂಟರ್ ಮೂರು ಕಂಪ್ಯೂಟರ್‌ಗೆ ಶೇರ್ ಮಾಡಿದ್ವಿ. ಈಗ ಕೊನೆಗೆ 11ಬಿ ಅಂತ ಎರರ್ ಬರ್ತಿದೆ."

2021ರಲ್ಲಿ ಪ್ರಿಂಟ್ ನೈಟ್‌ಮೇರ್ ಅನ್ನುವ ದೊಡ್ಡ ಭದ್ರತಾ ತೂತು ಸಿಕ್ಕ ವರ್ಷ ಪ್ರಿಂಟರ್ ಹಂಚಿಕೆಯ ನಿಯಮ ಒಂದರ ಮೇಲೊಂದು ಬಿಗಿ ಆದವು. ಈ ಎರರ್ ಆಗಿನಿಂದ ಕಾಡುತ್ತಿದೆ. ಒಂದು ಮಷಿನ್ ಹೊಸ ನಿಯಮದಲ್ಲಿ, ಇನ್ನೊಂದು ಹಳೇ ನಿಯಮದಲ್ಲಿ ಇದ್ದಾಗ ಮಾತು ಮುರಿಯುತ್ತದೆ. ಎಲ್ಲ ಮಷಿನ್‌ಗಳನ್ನೂ ಪೂರ್ತಿ ಅಪ್‌ಡೇಟ್ ಮಾಡಿ, ಪ್ರತಿಯೊಂದರಲ್ಲೂ ಅಡ್ಮಿನ್ ಆಗಿ ಡ್ರೈವರ್ ಹಾಕಿ, ಆಮೇಲೆ ಶೇರ್ ಸೇರಿಸಿ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ) ಒಂದು ಬೆಲೆ ಸೊನ್ನೆ ಮಾಡಿದರೆ ಆಯ್ತು ಅಂತ ಹೇಳುವವರು ಬಹಳ. ಆಗುವುದೂ ನಿಜ, ಆದರೆ ಅದು ಬೀಗ ತೆಗೆದಿಟ್ಟು ಕಳ್ಳ ಬರಲ್ಲ ಅಂದ ಹಾಗೆ. ನಾನು ಮಾಡಿಕೊಡಲ್ಲ.

"ಬೆರಳಚ್ಚು ಮಷಿನ್ ಕೆಂಪು ದೀಪ ಹತ್ತುತ್ತೆ, ಆದ್ರೆ ಡಿವೈಸ್ ನಾಟ್ ರೆಡಿ ಅಂತದೆ."

ಇಲ್ಲಿ ಕೆಲಸ ಮಾಡುವವು ಎರಡು: ಡ್ರೈವರ್ ಮತ್ತು ಆರ್‌ಡಿ ಸರ್ವೀಸ್ (ಆಧಾರ್ ಕೆಲಸಕ್ಕೆ ಬೆರಳಚ್ಚು ಮುಟ್ಟಿಸುವ ಸಾಫ್ಟ್‌ವೇರ್). ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತು ಇಲ್ಲ ಅಂದ್ರೆ ಡ್ರೈವರ್ ಸರಿ ಇದೆ. ಆಗ ಸರ್ವೀಸಸ್ ಪಟ್ಟಿ ತೆಗೆದು ಆರ್‌ಡಿ ಸರ್ವೀಸ್ ಓಡುತ್ತಿದೆಯಾ ನೋಡಿ, ನಿಂತಿದ್ದರೆ ಸ್ಟಾರ್ಟ್ ಮಾಡಿ. ಅದು ಕಂಪ್ಯೂಟರ್ ಒಳಗೇ 11100ರಿಂದ 11120ರ ನಡುವಿನ ಪೋರ್ಟ್‌ನಲ್ಲಿ ಕಾಯುತ್ತದೆ. ಅಪ್‌ಡೇಟ್ ಆದ ಆ್ಯಂಟಿವೈರಸ್ ಈ ಪೋರ್ಟ್ ಮುಚ್ಚಿರಬಹುದು. ಲೋಕಲ್ ನೆಟ್‌ವರ್ಕ್‌ಗೆ ಹೋಗಲೇ ಅಂತ ಬ್ರೌಸರ್ ಕೇಳಿದಾಗ ಅವಸರದಲ್ಲಿ ಬ್ಲಾಕ್ ಒತ್ತಿದ್ದರೂ ಇದೇ ಗತಿ.

"ವೇ ಬ್ರಿಜ್ ಕಂಪ್ಯೂಟರ್‌ಗೆ ತೂಕ ಬರ್ತಿಲ್ರಿ. ಕಬ್ಬಿನ ಟ್ರ್ಯಾಕ್ಟರ್ ಸಾಲು ನಿಂತಾವ, ಬ್ಯಾಗ ಬರ್ರಿ!"

ಇಂಡಿ ಕಡೆಯಿಂದ ಕಬ್ಬಿನ ಹಂಗಾಮಿನಲ್ಲಿ ಬಂದ ಫೋನ್ ಇದು. ಹೋದಾಗ ಹೊರಗೆ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್‌ಗಳು ನಿಂತಿದ್ದವು, ಡ್ರೈವರ್‌ಗಳು (ಇವರು ನಿಜವಾದ ಡ್ರೈವರ್‌ಗಳು) ಟ್ರೇಲರ್ ನೆರಳಲ್ಲಿ ಇಸ್ಪೀಟ್ ಆಡುತ್ತಿದ್ದರು. ತೂಕದ ಡಬ್ಬಿಯಲ್ಲಿ ಅಂಕಿ ಕಾಣುತ್ತಿತ್ತು. ಕಂಪ್ಯೂಟರ್‌ನಲ್ಲಿ ಮಾತ್ರ ಸೊನ್ನೆ.

ತೂಕದ ಡಬ್ಬಿ ಮಾತಾಡುವುದು ಹಳೇ ಸೀರಿಯಲ್ ಪೋರ್ಟ್ ಭಾಷೆ. ಈಗಿನ ಕಂಪ್ಯೂಟರ್‌ಗೆ ಆ ಪೋರ್ಟ್ ಇಲ್ಲ, ಹಾಗಾಗಿ ನಡುವೆ ಸೀರಿಯಲ್‌ನಿಂದ ಯುಎಸ್‌ಬಿಗೆ ಬದಲಿಸುವ ಕೇಬಲ್. ಇಂಥ ಅಗ್ಗದ ಕೇಬಲ್‌ಗಳಲ್ಲಿ ಪಿಎಲ್2303 ಅನ್ನುವ ಚಿಪ್ಪಿನ ಹಳೇ ತಳಿ ಅಥವಾ ಅದರ ನಕಲು ಇರುವುದು ಜಾಸ್ತಿ. ಹೊಸ ಡ್ರೈವರ್ ಅದನ್ನು ಗುರುತು ಹಿಡಿದು ಓಡಲು ಒಪ್ಪಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿವೈಸ್ ಹೆಸರಿನ ಜಾಗದಲ್ಲೇ ಇದು 2012ರಿಂದ ನಿಂತುಹೋದ ಚಿಪ್, ಮಾರಿದವರನ್ನು ಕೇಳಿ ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಅಂದು ಇದ್ದದ್ದೂ ಅದೇ. ಕೇಬಲ್ ಕೊಂಡವರು ಯಾರು ಅಂತ ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು.

ತಕ್ಷಣದ ದಾರಿ ಹಳೇ ಆವೃತ್ತಿಗೆ ಹೋಗುವುದು. ಅಪ್‌ಡೇಟ್ ಡ್ರೈವರ್, ಬ್ರೌಸ್, ಲೆಟ್ ಮಿ ಪಿಕ್ ಅಂತ ಹೋದರೆ ಅದೇ ಹೆಸರಿನ ಎರಡು ಮೂರು ಆವೃತ್ತಿ ಕಾಣುತ್ತವೆ. ತಾರೀಕು ನೋಡಿ ಹಳೇದನ್ನು ಆರಿಸಿದೆ, ತ್ರಿಕೋನ ಹೋಯಿತು. ಆದರೂ ತೂಕ ಸೊನ್ನೆ. ಏಕೆಂದರೆ ತೂಕದ ಸಾಫ್ಟ್‌ವೇರ್ ಕಾಮ್ 3ನಲ್ಲಿ (ಕಾಮ್ ಅಂದ್ರೆ ಸೀರಿಯಲ್ ಪೋರ್ಟಿನ ಹೆಸರು) ಕಿವಿಗೊಟ್ಟು ಕೂತಿದೆ, ಕೇಬಲ್ ಕಾಮ್ 5 ಆಗಿ ಎದ್ದಿದೆ. ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್‌ಡ್, ಅಲ್ಲಿ ಕಾಮ್ ಪೋರ್ಟ್ ನಂಬರ್ 3 ಮಾಡಿದೆ. "ಇನ್ ಯೂಸ್" ಅಂತ ಹೆದರಿಸುತ್ತದೆ. ಬೇರೆ ಸೀರಿಯಲ್ ಡಿವೈಸ್ ಸಿಕ್ಕಿಸಿಲ್ಲ ಅಂತ ಖಾತ್ರಿ ಇದ್ದರೆ ಅದು ಹಳೇ ನೆರಳು, ಮುಂದೆ ಹೋಗಬಹುದು. ಸಾಫ್ಟ್‌ವೇರ್ ಮುಚ್ಚಿ ತೆಗೆದ ಕೂಡಲೇ ಅಂಕಿ ಬಂತು. ಹೊರಗೆ ಇಸ್ಪೀಟ್ ನಿಂತಿತು.

ಮುಂದಿನ ವಾರ ಒಳ್ಳೆ ಚಿಪ್ ಇರುವ ಹೊಸ ಕೇಬಲ್ ಹಾಕಿಸಿದೆ. ನಕಲಿ ಚಿಪ್ಪಿನ ಸಹವಾಸ ಒಳ್ಳೆಯದಲ್ಲ. 2014ರಲ್ಲಿ ಎಫ್‌ಟಿಡಿಐ ಅನ್ನುವ ಇನ್ನೊಂದು ಚಿಪ್ ಕಂಪನಿಯ ಡ್ರೈವರ್, ವಿಂಡೋಸ್ ಅಪ್‌ಡೇಟ್ ಮೂಲಕ ಬಂದು, ನಕಲಿ ಚಿಪ್‌ಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿತ್ತು.

"ನುಡಿ ಟೈಪ್ ಆಗ್ತಿಲ್ಲ. ಕೀಬೋರ್ಡ್ ಡ್ರೈವರ್ ಹೋಗಿದೆಯಾ?"

ಇಂಗ್ಲಿಷ್ ಟೈಪ್ ಆಗುತ್ತಿದ್ದರೆ ಡ್ರೈವರ್ ಚೆನ್ನಾಗಿದೆ. ನುಡಿಯನ್ನು ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಅಂತ ತೆಗೆದು ನೋಡಿ. ಅರ್ಜೆಂಟಿಗೆ ವಿಂಡೋಸ್‌ನದೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ, 2019ರಿಂದ.

## ಹಿಂದಕ್ಕೆ ಹೋಗುವ ದಾರಿ

"ರೋಲ್ ಬ್ಯಾಕ್ ಡ್ರೈವರ್ ಬಟನ್ ಮಬ್ಬಾಗಿದೆ, ಒತ್ತೋಕೇ ಆಗ್ತಿಲ್ಲ."

ಹಿಂದಿನ ಡ್ರೈವರ್ ವಿಂಡೋಸ್ ಹತ್ತಿರ ಉಳಿದಿಲ್ಲ ಅಂತ ಅರ್ಥ. ಡಿಸ್ಕ್ ಕ್ಲೀನಪ್ ಮಾಡುವಾಗ ಡಿವೈಸ್ ಡ್ರೈವರ್ ಪ್ಯಾಕೇಜಸ್‌ಗೂ ಟಿಕ್ ಹಾಕಿದ್ದರೆ ಹೀಗಾಗುತ್ತದೆ. ಕಂಪನಿ ಸೈಟಿನಲ್ಲಿ ಹಳೇ ಆವೃತ್ತಿ ಹುಡುಕಿ ಕೈಯಿಂದ ಹಾಕಿ. ರಿಸ್ಟೋರ್ ಪಾಯಿಂಟ್ (ವಿಂಡೋಸ್ ಮೊದಲೇ ಉಳಿಸಿಟ್ಟ ಹಿಂದಿನ ಸ್ಥಿತಿ) ಇದ್ದರೆ ಅದೂ ನಡೆಯುತ್ತದೆ, ಆದರೆ ಎಷ್ಟೋ ಮಷಿನ್‌ಗಳಲ್ಲಿ ಸಿಸ್ಟಮ್ ಪ್ರೊಟೆಕ್ಷನ್ ಆಫ್ ಇರುತ್ತದೆ.

"ಅಪ್‌ಡೇಟನ್ನೇ ತೆಗೆದು ಹಾಕಬಹುದಾ?"

ತಿಂಗಳ ಅಪ್‌ಡೇಟ್ ಆದರೆ ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ, ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್. ದೊಡ್ಡ ಆವೃತ್ತಿಯೇ ಬದಲಾಗಿದ್ದರೆ ಸಿಸ್ಟಮ್, ರಿಕವರಿ, ಗೋ ಬ್ಯಾಕ್. ಇದಕ್ಕೆ ಸಾಮಾನ್ಯವಾಗಿ 10 ದಿನ ಗಡುವು, ಆಮೇಲೆ ಹಳೇ ಫೈಲ್ ಅಳಿಸಿಬಿಡುತ್ತದೆ. "ಹಬ್ಬ ಮುಗಿದ ಮ್ಯಾಲೆ ತರ್ತೀನ್ರಿ" ಅಂದವರು ಹನ್ನೊಂದನೇ ದಿನ ಬರುತ್ತಾರೆ. ತೆಗೆದ ಮೇಲೆ ಅಪ್‌ಡೇಟ್ ಪಾಜ್ ಮಾಡಿ, ಐದು ವಾರ ತನಕ ನಿಲ್ಲಿಸಬಹುದು. ಕಾಯಂ ಬಂದ್ ಮಾಡಬೇಡಿ.

"ನಾನು ಹಳೇ ಡ್ರೈವರ್ ಹಾಕ್ತೀನಿ, ಮರುದಿನ ವಿಂಡೋಸ್ ಮತ್ತೆ ಹೊಸದೇ ಹಾಕುತ್ತೆ. ಏನ್ ಮಾಡ್ಲಿ?"

ವಿಂಡೋಸ್ ಪ್ರೊ ಇದ್ದರೆ ಗ್ರೂಪ್ ಪಾಲಿಸಿಯಲ್ಲಿ, ಅಪ್‌ಡೇಟ್ ಜೊತೆ ಡ್ರೈವರ್ ಸೇರಿಸಬೇಡ ಅನ್ನುವ ನಿಯಮ ಆನ್ ಮಾಡಿ. ಹೋಮ್ ಆವೃತ್ತಿಯಲ್ಲಿ ಡಿವೈಸ್ ಇನ್‌ಸ್ಟಲೇಷನ್ ಸೆಟ್ಟಿಂಗ್ಸ್ ಅಂತ ಹುಡುಕಿ 'ನೋ' ಆರಿಸಿ. ಒಂದು ಎಚ್ಚರ: ಆಮೇಲೆ ಒಳ್ಳೆ ಡ್ರೈವರ್‌ಗಳೂ ತಾವಾಗಿ ಬರಲ್ಲ. ಆರು ತಿಂಗಳಿಗೊಮ್ಮೆ ನೀವೇ ನೋಡಬೇಕು.

"ಅಪ್‌ಡೇಟ್‌ಗೆ ಮೊದ್ಲೇ ಡ್ರೈವರ್ ಎಲ್ಲಾ ಕಾಪಿ ಇಟ್ಕೋಬಹುದಾ?"

ಇಟ್ಟುಕೊಳ್ಳಬಹುದು, ಅದಕ್ಕೆ ಯಾವ ಸಾಫ್ಟ್‌ವೇರೂ ಬೇಡ. ವಿಂಡೋಸ್‌ನಲ್ಲೇ ಪಿಎನ್‌ಪಿಯುಟಿಲ್ ಅನ್ನುವ ಕಮಾಂಡ್ ಇದೆ. ಅದರ ಎಕ್ಸ್‌ಪೋರ್ಟ್ ಡ್ರೈವರ್ ಆಯ್ಕೆ ಕೊಟ್ಟು, ಮುಂದೆ ನಕ್ಷತ್ರ ಗುರುತು, ಆಮೇಲೆ ಫೋಲ್ಡರ್ ಹೆಸರು ಹಾಕಿದರೆ, ಹೊರಗಿನಿಂದ ಬಂದ ಡ್ರೈವರ್‌ಗಳೆಲ್ಲ ಆ ಫೋಲ್ಡರ್‌ಗೆ ಇಳಿಯುತ್ತವೆ. ಕಮಾಂಡ್ ಪ್ರಾಂಪ್ಟ್ ಅಡ್ಮಿನ್ ಆಗಿ ತೆಗೆದಿರಬೇಕು, ಫೋಲ್ಡರ್ ಮೊದಲೇ ಮಾಡಿರಬೇಕು. ನನ್ನ ಅಂಗಡಿಗೆ ಬರುವ ಪ್ರತಿ ಮಷಿನ್‌ಗೂ ರಿಪೇರಿಗೆ ಮೊದಲು ಇದನ್ನು ಮಾಡುತ್ತೇನೆ. ತಿಕೋಟಾ ಕಲಿಸಿದ ಪಾಠ.

"ಎಲ್ಲಾ ಡ್ರೈವರ್ ಒಂದೇ ಕ್ಲಿಕ್ಕಿಗೆ ಹಾಕೋ ಸಾಫ್ಟ್‌ವೇರ್ ಬರುತ್ತಲ್ಲ, ಅದು ಹೇಗೆ?"

ಬೇಡ. ಊಹೆ ಮೇಲೆ ಡ್ರೈವರ್ ಹಾಕುತ್ತವೆ, ಜೊತೆಗೆ ಜಾಹೀರಾತು ತುಂಬುತ್ತವೆ. ಇಂಥದ್ದು ಹಾಕಿ ಬಂದ ಮಷಿನ್ ಸರಿ ಮಾಡಲು ನಾನು ಜಾಸ್ತಿ ಚಾರ್ಜ್ ಮಾಡುತ್ತೇನೆ.

## ಸ್ವಲ್ಪ ಆಳಕ್ಕೆ

"ಮೆಮೊರಿ ಇಂಟೆಗ್ರಿಟಿ ಆಫ್ ಮಾಡಿದ್ರೆ ಡ್ರೈವರ್ ಓಡುತ್ತೆ ಅಂತ ಹೇಳಿದ್ರು. ಮಾಡ್ಲಾ?"

ಕೋಡ್ 39ಕ್ಕೆ ಎಷ್ಟೋ ಸಲ ಇದೇ ಕಾರಣ. ಕರ್ನಲ್ ಒಳಗೆ ಅನುಮಾನದ ಕೋಡ್ ನುಸುಳದಂತೆ ಕಾಯುವ ಕಾವಲು ಇದು. ಬಿಗಿ ನಿಯಮಕ್ಕೆ ಹೊಂದದ ಹಳೇ ಡ್ರೈವರ್‌ಗಳು ಬಾಗಿಲಲ್ಲೇ ನಿಲ್ಲುತ್ತವೆ. ವಿಂಡೋಸ್ ಸೆಕ್ಯುರಿಟಿ, ಡಿವೈಸ್ ಸೆಕ್ಯುರಿಟಿ, ಕೋರ್ ಐಸೊಲೇಷನ್ ಒಳಗೆ ಹೋದರೆ ಸ್ವಿಚ್ ಅಲ್ಲೇ ಇದೆ. ಆಫ್ ಇರುವುದನ್ನು ಆನ್ ಮಾಡಲು ಹೋದಾಗ, ಹೊಂದದ ಡ್ರೈವರ್‌ಗಳ ಹೆಸರು ತೋರಿಸುತ್ತದೆ. ಬಹಳ ಸಲ ಅದು ಎಂದೋ ಬಿಸಾಡಿದ ವೆಬ್‌ಕ್ಯಾಮ್‌ನ ಅಥವಾ ಡಾಂಗಲ್‌ನ ಡ್ರೈವರ್ ಆಗಿರುತ್ತದೆ. ಅದನ್ನು ಅಳಿಸಿದರೆ ಮುಗಿಯಿತು. ಬ್ಯಾಂಕ್ ಕೆಲಸ, ಆಧಾರ್ ಕೆಲಸ ನಡೆಯುವ ಮಷಿನ್‌ನಲ್ಲಿ ಆಫ್ ಮಾಡಬೇಡಿ. ಹಳೇ ಯಂತ್ರಕ್ಕೆ ಅಂತಲೇ ನೆಟ್ ಇಲ್ಲದೆ ಇಟ್ಟ ಮಷಿನ್ ಆದರೆ ನಿಮ್ಮ ಇಷ್ಟ.

"ವಿಂಡೋಸ್ ತೆರೆಯೋದೇ ಇಲ್ಲ. ಪರದೆ ಕಪ್ಪಾಗಿ ಎರರ್ ತೋರಿಸಿ ರೀಸ್ಟಾರ್ಟ್ ಆಗ್ತಾನೇ ಇದೆ."

ಹಳೇ ನೀಲಿ ಪರದೆ 2025ರಿಂದ ಕಪ್ಪಾಗಿದೆ, ರೋಗ ಅದೇ. ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಸ್ಟಾಪ್ ಕೋಡ್ ಜೊತೆ ಕೆಲವೊಮ್ಮೆ 'ಸಿಸ್' ಅಂತ ಕೊನೆಯಾಗುವ ಫೈಲ್ ಹೆಸರಿರುತ್ತದೆ. ಬಿದ್ದ ಡ್ರೈವರ್ ಹೆಚ್ಚಾಗಿ ಅದೇ. ಹೆಸರಿಲ್ಲದೆ ಇನ್‌ಆ್ಯಕ್ಸೆಸಿಬಲ್ ಬೂಟ್ ಡಿವೈಸ್ ಅಂತ ಮಾತ್ರ ಇದ್ದರೆ ಡಿಸ್ಕ್ ಕಂಟ್ರೋಲರ್ ಡ್ರೈವರ್ ಕಡೆ ನೋಡಿ. ಬಯೋಸ್‌ನಲ್ಲಿ ಡಿಸ್ಕ್ ಮೋಡ್ ಎಎಚ್‌ಸಿಐನಿಂದ ರೇಡ್‌ಗೆ ಅಥವಾ ವಿಎಂಡಿಗೆ ಬದಲಾಗಿದ್ದರೂ ಹೀಗೇ ಆಗುತ್ತದೆ. ಮೊದಲಿನ ಹಾಗೆ ಮಾಡಿದರೆ ಎದ್ದು ಕೂರುತ್ತದೆ.

ವಿಂಡೋಸ್ ಏಳುವಾಗ ಎರಡು ಮೂರು ಸಲ ಪವರ್ ಆಫ್ ಮಾಡಿದರೆ ರಿಕವರಿ ಪರದೆ ಬರುತ್ತದೆ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಒಳಗೆ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಇದೆ. ಸ್ಟಾರ್ಟಪ್ ಸೆಟ್ಟಿಂಗ್ಸ್‌ನಲ್ಲಿ 4 ಒತ್ತಿದರೆ ಸೇಫ್ ಮೋಡ್, ಅಲ್ಲಿ ತೀರಾ ಬೇಕಾದ ಡ್ರೈವರ್‌ಗಳು ಮಾತ್ರ ಲೋಡ್ ಆಗುತ್ತವೆ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಇದ್ದರೆ 48 ಅಂಕಿಯ ಕೀ ಕೇಳುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿದ್ದರೆ ಕೀ ಸಾಮಾನ್ಯವಾಗಿ ಅದರೊಳಗೇ ಇರುತ್ತದೆ, ಫೋನಿನಿಂದ ನೋಡಬಹುದು. ಆ ಖಾತೆ ಮಾಡಿಕೊಟ್ಟ ಅಂಗಡಿಯವನ ಮೇಲ್ ಐಡಿ ಆಗಿದ್ದರೆ? ಅದೇ ದೊಡ್ಡ ಗೋಳು.

2025ರ ಅಕ್ಟೋಬರ್ ಅಪ್‌ಡೇಟ್‌ನಲ್ಲಿ ರಿಕವರಿ ಪರದೆಯಲ್ಲೇ ಯುಎಸ್‌ಬಿ ಮೌಸ್, ಕೀಬೋರ್ಡ್ ಸತ್ತು ಬಿದ್ದಿದ್ದವು. 20ನೇ ತಾರೀಕಿಗೆ ಸರಿಪಡಿಸಿದ ಅಪ್‌ಡೇಟ್ ಬಂತು. ಅಷ್ಟು ದಿನ ಹಳೇ ದುಂಡು ಪಿನ್ನಿನ ಕೀಬೋರ್ಡ್ ಇದ್ದವರೇ ಸಾಹುಕಾರರು. ನನ್ನ ಹತ್ತಿರ ಒಂದಿತ್ತು, ಗುಜರಿಗೆ ಹಾಕದೆ ಇಟ್ಟಿದ್ದೆ.

"ಲ್ಯಾಬ್‌ನಲ್ಲಿ ಉಬುಂಟು ಇದೆ. ಕರ್ನಲ್ ಅಪ್‌ಡೇಟ್ ಆಗಿ ವೈಫೈ, ಎನ್ವಿಡಿಯಾ ಎರಡೂ ಹೋದವು."

ಲಿನಕ್ಸ್‌ನಲ್ಲಿ ಬಹುತೇಕ ಡ್ರೈವರ್ ಕರ್ನಲ್ ಜೊತೆಗೇ ಬರುತ್ತವೆ. ಎನ್ವಿಡಿಯಾ, ಬ್ರಾಡ್‌ಕಾಮ್‌ನಂಥವು ಹೊರಗಿನವು, ಕರ್ನಲ್ ಬದಲಾದಾಗಲೆಲ್ಲ ಹೊಂದಿಸಿ ಕಟ್ಟಬೇಕು. ಡಿಕೆಎಂಎಸ್ ಬಳಸಿದ್ದರೆ ಅದು ತಾನೇ ಕಟ್ಟುತ್ತದೆ, ಆದರೆ ಆ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ ಇರಬೇಕು. ಸದ್ಯಕ್ಕೆ ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ನಿಂದ ಹಿಂದಿನ ಕರ್ನಲ್‌ನಲ್ಲಿ ಬೂಟ್ ಮಾಡಿ ಕ್ಲಾಸ್ ನಡೆಸಿ. ಡ್ರೈವರ್ ಕಟ್ಟಿದ್ದರೂ ಲೋಡ್ ಆಗದಿದ್ದರೆ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ್ದನ್ನು ತಡೆಯುವ ಕಾವಲು) ಕಡೆ ನೋಡಿ. ಡ್ರೈವರ್ ಹಾಕುವಾಗ ಪಾಸ್‌ವರ್ಡ್ ಕೇಳಿರುತ್ತದೆ. ರೀಸ್ಟಾರ್ಟ್‌ನಲ್ಲಿ ನೀಲಿ ಪರದೆಯೊಂದು ಬಂದಾಗ ಎನ್‌ರೋಲ್ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಜನ ಹೆದರಿ ಕಂಟಿನ್ಯೂ ಒತ್ತಿಬಿಡುತ್ತಾರೆ.

"ಡ್ರೈವರ್ ಯಾಕೆ ಕೂರಲಿಲ್ಲ ಅಂತ ನಿಖರವಾಗಿ ಎಲ್ಲಿ ಬರೆದಿರುತ್ತೆ?"

ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್ ಒಳಗೆ ಐಎನ್‌ಎಫ್ ಫೋಲ್ಡರ್, ಅದರಲ್ಲಿ ಸೆಟಪ್‌ಎಪಿಐ ಡೆವ್ ಅನ್ನುವ ಲಾಗ್ ಫೈಲ್. ನೋಟ್‌ಪ್ಯಾಡ್‌ನಲ್ಲಿ ತೆರೆಯುತ್ತದೆ. ಸಾವಿರಾರು ಸಾಲು ಕಂಡು ಹೆದರಬೇಡಿ. ತೀರಾ ಕೆಳಗೆ ಹೋಗಿ, ಅಲ್ಲಿಂದ ಮೇಲಕ್ಕೆ ಮೂರು ಆಶ್ಚರ್ಯಸೂಚಕ ಚಿಹ್ನೆ ಒಟ್ಟಿಗೆ ಇರುವ ಸಾಲು ಹುಡುಕಿ. ಒಂದೇ ಚಿಹ್ನೆ ಇದ್ದರೆ ಬರೀ ಎಚ್ಚರಿಕೆ, ಮೂರಿದ್ದರೆ ಅಲ್ಲೇ ಎಡವಿದೆ. ಆ ಸಾಲು, ಅದರ ಮೇಲಿನ ಹತ್ತು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿ. ಬರೀ "ಡ್ರೈವರ್ ಹೋಗೇತ್ರಿ" ಅಂತ ವಾಯ್ಸ್ ಮೆಸೇಜ್ ಕಳಿಸಿದರೆ ಉತ್ತರ ಸಂಜೆಗೆ.